ಅಕ್ಕಿಕಾಳಿಗೂ ಮುಂಚೆ ಒಂದು ಪ್ರಶ್ನೆ: ‘ನಿಮ್ಮ ವೀಸಾ ಯಾವುದು?’

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿ ಹಾಗೇ ಇಟ್ಟು, ಓದೋಕೆ ಅನುಕೂಲ ಆಗುವಷ್ಟು ಮಾತ್ರ ತಿದ್ದಿದ್ದೇವೆ.)

ಇವತ್ತು ಮದುವೆ ವಿಷಯ. ಆದರೆ ಹಂದರ, ಜವಳಿ, ಊಟದ ಮೆನು ಅಲ್ಲ. ಮದುವೆ ಮುಗಿದ ಮೇಲೆ ಗಂಡ ಒಂದು ದೇಶದಲ್ಲಿ, ಹೆಂಡತಿ ಇನ್ನೊಂದು ದೇಶದಲ್ಲಿ ಅಂತ ಆದರೆ ಒಟ್ಟಿಗೆ ಇರೋಕೆ ಎಷ್ಟು ದುಡ್ಡು ಬೇಕು, ಅದನ್ನ ಯಾರು ತೋರಿಸಬೇಕು ಅನ್ನೋ ಲೆಕ್ಕ.

ಒಂದು ಉದಾಹರಣೆ ಇಟ್ಕೊಳ್ಳಿ. ಬೈಲಹೊಂಗಲದ ಹುಡುಗಿ. ಬಿ.ಕಾಂ ಮುಗಿಸಿ ಸೊಸೈಟಿಯೊಂದರಲ್ಲಿ ಕೆಲಸ. ಹುಡುಗ ರಾಮದುರ್ಗದ ಕಡೆಯವನು. 2024ರ ದೀಪಾವಳಿ ಮುಗಿಸಿಕೊಂಡು ಇಂಗ್ಲೆಂಡಿಗೆ ಹೋದವನು, ಅಲ್ಲಿ ಒಂದು ಕೇರ್ ಹೋಮ್‌ನಲ್ಲಿ ವಯಸ್ಸಾದವರನ್ನ ನೋಡಿಕೊಳ್ಳೋ ಕೆಲಸ. ಮಾತು ತಂದ ಹಿರಿಯರು ಹೇಳಿದ್ದು ಒಂದೇ: “ಹುಡುಗ ಫಾರಿನ್‌ನಾಗ ಅದಾನ್ರಿ.” ಎಲ್ಲರಿಗೂ ಖುಷಿ. ಪಗಾರ ಎಷ್ಟು, ಹೊಲ ಎಷ್ಟೆಕರೆ, ನೀರಾವರಿ ಎಷ್ಟು, ಎಲ್ಲ ಕೇಳಿದರು. ಒಂದು ಮಾತ್ರ ಯಾರೂ ಕೇಳಲಿಲ್ಲ. ಆ ಹುಡುಗನ ವೀಸಾದ ಹೆಸರು ಏನು?

ಆ ಹುಡುಗನಿಗೆ ಹೆಂಡತಿನ ಕರ್ಕೊಂಡು ಹೋಗೋಕೆ ಆಗಲ್ಲ. ದುಡ್ಡು ಇಲ್ಲ ಅಂತಲ್ಲ, ನಿಯಮವೇ ಇಲ್ಲ. 2024ರ ಮಾರ್ಚ್ 11ರಿಂದ ಬ್ರಿಟನ್‌ನಲ್ಲಿ ಕೇರ್ ವರ್ಕರ್ ಆಗಿ ಹೊಸದಾಗಿ ವೀಸಾ ತಗೊಂಡವರು ಗಂಡ, ಹೆಂಡತಿ, ಮಕ್ಕಳನ್ನ ಅವಲಂಬಿತರು ಅಂತ ಕರೆಸಿಕೊಳ್ಳುವ ಹಾಗಿಲ್ಲ. ಆ ದಿನಕ್ಕೂ ಮುಂಚಿನಿಂದ ಅದೇ ವೀಸಾದಲ್ಲಿ ಇದ್ದವರಿಗೆ ವಿನಾಯಿತಿ ಇದೆ. ಅಂದ್ರೆ ಒಂದೇ ಕೇರ್ ಹೋಮ್, ಒಂದೇ ಕೆಲಸ, ಒಂದೇ ಪಗಾರ ಇರೋ ಇಬ್ಬರಲ್ಲಿ ಒಬ್ಬನ ಹೆಂಡತಿ ಹೋಗಬಹುದು, ಇನ್ನೊಬ್ಬನ ಹೆಂಡತಿ ಹೋಗೋಕಾಗಲ್ಲ.

ಓದೋಕೆ ಹೋದವರ ಕಥೆನೂ ಹೀಗೇ. 2024ರ ಜನವರಿ 1ರಿಂದ ಶುರುವಾದ ಕೋರ್ಸುಗಳಿಗೆ, ಸಂಶೋಧನೆ ಥರದ ಕೆಲವು ಬಿಟ್ಟರೆ, ಸ್ಟೂಡೆಂಟ್ ವೀಸಾದಲ್ಲಿ ಸಂಗಾತಿಯನ್ನ ಕರೆಸೋಕೆ ಬರಲ್ಲ. “ಎಂ.ಎಸ್ಸಿ ಮಾಡಾಕತ್ತಾನ, ಮದ್ವಿ ಮಾಡಿ ಇಬ್ಬರನ್ನೂ ಕಳಸೋಣ” ಅನ್ನೋ ಹಳೇ ಪ್ಲಾನ್ ಈಗ ನಡಿಯಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಇನ್ನೂ 2022ರ ಮಾಹಿತಿ ಮೇಲೆನೇ ಮಾತುಕತೆ ನಡೀತಿರುತ್ತೆ, ಅದೇ ತೊಂದರೆ.

ಈಗ ಹುಡುಗ ಎಂಜಿನಿಯರು, ಡಿಗ್ರಿ ಮಟ್ಟದ ಸ್ಕಿಲ್ಡ್ ವರ್ಕರ್ ವೀಸಾ ಇದೆ ಅಂತ ಇಟ್ಕೊಳ್ಳಿ. ಹೆಂಡತಿ ಹೋಗಬಹುದು, ಖರ್ಚು ಎಷ್ಟು? 2025ರ ಏಪ್ರಿಲ್ ದರದ ಪ್ರಕಾರ, ಮೂರು ವರ್ಷದವರೆಗಿನ ವೀಸಾಕ್ಕೆ ಭಾರತದಿಂದ ಅರ್ಜಿ ಹಾಕಿದರೆ ಶುಲ್ಕ 769 ಪೌಂಡ್. ಅದರ ಮೇಲೆ ಅಲ್ಲಿನ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಗೆ ಅಂತ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ, ಅದನ್ನೂ ಪೂರ್ತಿ ಮುಂಗಡ ಕಟ್ಟಬೇಕು. ಮೂರು ವರ್ಷಕ್ಕೆ 3,105. ಎರಡೂ ಸೇರಿ 3,874 ಪೌಂಡ್. ಪೌಂಡಿಗೆ 115 ರೂಪಾಯಿ ಹಿಡಿದರೆ ಹತ್ತಿರಹತ್ತಿರ ನಾಲ್ಕೂವರೆ ಲಕ್ಷ. ಇದರಲ್ಲಿ ವಿಮಾನದ ಟಿಕೆಟ್ ಇಲ್ಲ, ಭಾರತದಿಂದ ಹೋಗೋರು ಮಾಡಿಸಲೇಬೇಕಾದ ಟಿ.ಬಿ. ಪರೀಕ್ಷೆ ಇಲ್ಲ. ಮದುವೆ ಖರ್ಚಿನ ಪಟ್ಟಿಯಲ್ಲಿ ಈ ಸಾಲನ್ನ ಬರೆದ ಮನೆ ನಾನಂತೂ ನೋಡಿಲ್ಲ. ಹಾಲ್, ಬಂಗಾರ, ಆಯೇರಿ ಸೀರೆ, ಬ್ಯಾಂಡು, ಫೋಟೋದವರು ಎಲ್ಲ ಇರ್ತಾರೆ.

ಹುಡುಗ ಅಲ್ಲೇ ಕಾಯಂ ನೆಲೆಸುವ ಅನುಮತಿ ಪಡೆದಿದ್ದರೆ ಅಥವಾ ಬ್ರಿಟಿಷ್ ಪೌರನೇ ಆಗಿದ್ದರೆ ಲೆಕ್ಕ ಇನ್ನೂ ಬೇರೆ. ಅವನು ಸ್ಪಾನ್ಸರ್. ಅವನ ವರ್ಷದ ಆದಾಯ ಕನಿಷ್ಠ 29,000 ಪೌಂಡ್ ಇರಬೇಕು. 2012ರಿಂದ 18,600 ಇದ್ದದ್ದನ್ನ 2024ರ ಏಪ್ರಿಲ್ 11ರಂದು ಏರಿಸಿದರು. ರೂಪಾಯಿಯಲ್ಲಿ 33 ಲಕ್ಷದ ಮೇಲೆ. ನಮಗೆ ದೊಡ್ಡ ಪಗಾರ ಅನ್ಸುತ್ತೆ, ಆದರೆ ಅಲ್ಲಿ ಅಂಗಡಿ, ಹೋಟೆಲ್, ಗೋಡೌನ್‌ನಲ್ಲಿ ದುಡಿಯೋ ಎಷ್ಟೋ ಜನರಿಗೆ ಅದು ಎಟುಕಲ್ಲ.

ಇಲ್ಲಿ ಹುಡುಗಿಯರು ಕಿವಿಗೊಟ್ಟು ಕೇಳಬೇಕಾದ ಒಂದು ವಿಷಯ ಇದೆ. ನೀವು ಬೈಲಹೊಂಗಲದಲ್ಲಿ ತಿಂಗಳಿಗೆ ಎಷ್ಟೇ ದುಡೀರಿ, ಆ ಪಗಾರ ಈ ಲೆಕ್ಕಕ್ಕೆ ಬರಲ್ಲ. ಇಲ್ಲಿಂದ ಅರ್ಜಿ ಹಾಕೋವಾಗ ನೋಡೋದು ಅಲ್ಲಿರೋ ಸ್ಪಾನ್ಸರ್‌ನ ದುಡಿಮೆಯನ್ನ. ಆದರೆ ನಿಮ್ಮ ಉಳಿತಾಯ ಬರುತ್ತೆ. ಆದಾಯ ಕಮ್ಮಿ ಬಿದ್ದರೆ ಇಬ್ಬರ ಉಳಿತಾಯದಿಂದ ತುಂಬಬಹುದು. ಮೊದಲ 16,000 ಪೌಂಡ್ ಲೆಕ್ಕಕ್ಕಿಲ್ಲ, ಅದರ ಮೇಲೆ ಕಮ್ಮಿ ಬಿದ್ದ ಮೊತ್ತದ ಎರಡೂವರೆ ಪಟ್ಟು ಇರಬೇಕು. ಆದಾಯವೇ ಇಲ್ಲ ಅಂದ್ರೆ 88,500 ಪೌಂಡ್ ತೋರಿಸಬೇಕು, ಒಂದು ಕೋಟಿ ರೂಪಾಯಿ ದಾಟುತ್ತೆ. ದುಡ್ಡು ಆರು ತಿಂಗಳು ಖಾತೆಯಲ್ಲಿ ಇರಬೇಕು. ಅಪ್ಪ ಕೊಟ್ಟ ಉಡುಗೊರೆ ನಡೆಯುತ್ತೆ, ಕಾಕಾನ ಹತ್ರ ಕೈಗಡ ತಂದು ತುಂಬಿದ್ದು ನಡೆಯಲ್ಲ. ನಿಶ್ಚಯ ಆದ ಮೇಲೆ ಶುರು ಮಾಡಿದರೆ ಆ ಆರು ತಿಂಗಳು ನಿಮ್ಮ ಕೈಯಲ್ಲಿ ಇರಲ್ಲ.

2025ರ ಏಪ್ರಿಲ್ ದರದ ಪ್ರಕಾರ ಈ ದಾರಿಯಲ್ಲಿ ಅರ್ಜಿ ಶುಲ್ಕ 1,938 ಪೌಂಡ್ ಇತ್ತು, ಆರೋಗ್ಯ ಶುಲ್ಕ 3,105. ಒಟ್ಟು ಐದು ಮುಕ್ಕಾಲು ಲಕ್ಷಕ್ಕೂ ಜಾಸ್ತಿ. ಜೊತೆಗೆ ಇಂಗ್ಲಿಷ್ ಪರೀಕ್ಷೆ. ಮೊದಲ ಸಲಕ್ಕೆ ಎ1 ಮಟ್ಟ, ಮಾತಾಡೋದು ಮತ್ತು ಕೇಳಿಸಿಕೊಳ್ಳೋದು ಅಷ್ಟೇ. ಕನ್ನಡ ಮೀಡಿಯಂ ಅಂತ ಹೆದರಬೇಡಿ, ಎರಡು ತಿಂಗಳ ತಯಾರಿ ಸಾಕು.

ನಮ್ಮ ಕೇರ್ ಹೋಮ್ ಹುಡುಗನ ಹತ್ರ ವಾಪಸ್ ಬರೋಣ. ಅವನ ಮುಂದೆ ಎರಡು ದಾರಿ. ಡಿಗ್ರಿ ಮಟ್ಟದ ಕೆಲಸ ಹುಡುಕಿ ವೀಸಾ ಬದಲಿಸಬೇಕು. ಇಲ್ಲವೇ ಕಾಯಂ ಅನುಮತಿ ಸಿಗೋವರೆಗೂ ಕಾಯಬೇಕು. ಅದಕ್ಕೆ ಐದು ವರ್ಷ ಅಂತಿದ್ದದ್ದನ್ನ ಹತ್ತಕ್ಕೆ ಏರಿಸೋ ಪ್ರಸ್ತಾಪವನ್ನ ಅಲ್ಲಿನ ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟಿತು. ಹಾಗಂತ ಈ ಮದುವೆ ಬೇಡ ಅನ್ನೋಕೆ ನಾನು ಯಾರು? ಗಂಡ ಸೈನ್ಯದಲ್ಲಿದ್ದು ವರ್ಷಗಟ್ಟಲೆ ಒಬ್ಬರೇ ಸಂಸಾರ ತೂಗಿಸಿದ ಹೆಣ್ಮಕ್ಕಳು ನಮ್ಮ ಜಿಲ್ಲೆಯ ಊರೂರಲ್ಲಿ ಇದ್ದಾರೆ. ಅವರಿಗೆ ಮದುವೆಗೆ ಮುಂಚೆನೇ ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ಗಲ್ಫ್ ಲೆಕ್ಕ ಇದಕ್ಕಿಂತ ಸರಳ. ಯು.ಎ.ಇ.ನಲ್ಲಿ ಹೆಂಡತಿನ ಕರೆಸೋಕೆ ಗಂಡನ ಪಗಾರ ತಿಂಗಳಿಗೆ 4,000 ದಿರಾಮ್ ಇರಬೇಕು, ಅಥವಾ 3,000 ಮತ್ತು ಕಂಪನಿ ಕೊಟ್ಟ ಮನೆ. ದಿರಾಮಿಗೆ 24 ರೂಪಾಯಿ ಅಂದ್ರೆ 4,000ಕ್ಕೆ 96,000. ಆದರೆ ನಿಯಮಕ್ಕೆ ಸಾಲೋ ಪಗಾರ ಜೀವನಕ್ಕೆ ಸಾಲುತ್ತೆ ಅಂತಿಲ್ಲ. ಆರು ಜನ ಸೇರಿ ಒಂದು ರೂಮಲ್ಲಿ ಇರೋ ಹುಡುಗ, ಹೆಂಡತಿ ಬಂದ ದಿನ ಬೇರೆ ಮನೆ ಮಾಡಬೇಕು, ಅವಳ ಆರೋಗ್ಯ ವಿಮೆ ಕಟ್ಟಬೇಕು. ಊರಿಗೆ ಕಳಿಸ್ತಿದ್ದ ದುಡ್ಡು ಅರ್ಧಕ್ಕಿಳಿಯುತ್ತೆ. ಆ ದುಡ್ಡಿನ ಮೇಲೆ ತಂಗಿಯ ಓದೋ, ಬೋರ್‌ವೆಲ್ ಸಾಲವೋ ನಿಂತಿರುತ್ತೆ. ಇದು ಅತ್ತೆ-ಸೊಸೆ ಜಗಳ ಆಗಿ ಹೊರಗೆ ಬರೋಕೂ ಮುಂಚೆ ಇಬ್ಬರು ಫೋನಲ್ಲಿ ಮಾತಾಡಿ ಮುಗಿಸಬಹುದಾದ ವಿಷಯ.

ಅಮೆರಿಕದಲ್ಲಿ ಮೂರು ಥರ. ಹುಡುಗ ಎಚ್-1ಬಿ ಇದ್ದರೆ ಹೆಂಡತಿಗೆ ಎಚ್-4 ಸಿಗುತ್ತೆ, ಆದರೆ ಕೆಲಸ ಮಾಡೋಕೆ ಬೇರೆ ಅನುಮತಿ ಬೇಕು. ಅದೂ ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ಗಂಡನಿಗೆ ಗ್ರೀನ್ ಕಾರ್ಡ್ ಇದ್ದರೆ ಹೆಂಡತಿ ಸರದಿ ಕಾಯಬೇಕು, ವರ್ಷಗಟ್ಟಲೆ. ಪೌರನಾಗಿದ್ದರೆ ಸರದಿ ಇಲ್ಲ. ಕೊನೆಯ ಎರಡರಲ್ಲೂ ಸ್ಪಾನ್ಸರ್ ಒಂದು ಮುಚ್ಚಳಿಕೆ ಬರೆದುಕೊಡಬೇಕು, ಫಾರ್ಮ್ ಐ-864. ಅಲ್ಲಿನ ಸರ್ಕಾರ ಹೇಳೋ ಬಡತನದ ಗೆರೆಯ 125% ಆದಾಯ ನನಗಿದೆ, ಇವಳ ಜೀವನದ ಹೊಣೆ ನನ್ನದು ಅಂತ. 2025ರ ಲೆಕ್ಕದಲ್ಲಿ ಇಬ್ಬರ ಮನೆಗೆ 26,437 ಡಾಲರ್. ಬಹಳ ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ, ಆ ಮುಚ್ಚಳಿಕೆ ಡೈವೋರ್ಸ್ ಆದರೂ ಮುಗಿಯಲ್ಲ. ಅವಳು ಅಲ್ಲಿನ ಪೌರಳಾಗಬೇಕು, ಅಥವಾ ಸುಮಾರು ಹತ್ತು ವರ್ಷದ ದುಡಿಮೆ ದಾಖಲಾಗಬೇಕು, ಅಥವಾ ಆ ದೇಶ ಬಿಟ್ಟು ಬರಬೇಕು, ಇಲ್ಲವೇ ಇಬ್ಬರಲ್ಲಿ ಒಬ್ಬರು ತೀರಿಕೊಳ್ಳಬೇಕು. ಸಹಿ ಹಾಕೋನಿಗೂ ಇದು ಗೊತ್ತಿರಬೇಕು, ಅವಳಿಗೂ ಗೊತ್ತಿರಬೇಕು.

ಎಲ್ಲ ದೇಶಕ್ಕೂ ಬೇಕಾದ ಒಂದು ಕಾಗದ ಮದುವೆ ಪ್ರಮಾಣಪತ್ರ. ಇದರಲ್ಲೇ ನಮ್ಮವರು ದೊಡ್ಡ ಎಡವಟ್ಟು ಮಾಡ್ಕೊಳ್ಳೋದು. “ದೊಡ್ಡ ಮದ್ವಿ ಮೇದಾಗ ಮಾಡೋಣ, ಈಗ ರಜಿಸ್ಟರ್ ಮಾಡಿಸಿ ವೀಸಾಕ್ಕ ಹಾಕೋಣ” ಅಂತಾರೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಅಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ ಡಾಲಿ ರಾಣಿ ಪ್ರಕರಣದಲ್ಲಿ ಇದನ್ನೇ ಹೇಳಿತು. ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರ ನಡೆಯದೇ ಬರೀ ನೋಂದಣಿ ಮಾಡಿಸಿದರೆ ಅದು ಮದುವೆಯೇ ಅಲ್ಲ, ಆ ಪತ್ರಕ್ಕೆ ಬೆಲೆ ಇಲ್ಲ. ವೀಸಾಕ್ಕೋಸ್ಕರ ಮೊದಲೇ ನೋಂದಣಿ ಮಾಡಿಸೋ ರೂಢಿಯನ್ನೂ ಕೋರ್ಟ್ ಹೆಸರಿಸಿಯೇ ತಪ್ಪು ಅಂತು. ಮೇ ತಿಂಗಳಿಗೆ ಮುಂಚೆ ಮುರಿದುಬಿದ್ದರೆ ಆ ಹುಡುಗಿ ಮದುವೆ ಆದವಳೋ ಆಗದವಳೋ ಅನ್ನೋದಕ್ಕೇ ಕೋರ್ಟಿಗೆ ಅಲೀಬೇಕು.

ಸಣ್ಣದಾಗಿ, ನಾಲ್ಕೇ ಜನರೆದುರು, ಆದರೆ ಶಾಸ್ತ್ರೋಕ್ತವಾಗಿ ಮದುವೆ ಮಾಡ್ಕೊಳ್ಳಿ, ಆಮೇಲೆ ನೋಂದಣಿ ಮಾಡಿಸಿ. ರಿಸೆಪ್ಷನ್ ಬೇಕಾದಾಗ ಇಟ್ಕೊಳ್ಳಿ. ಇಲ್ಲವೇ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದಕ್ಕೆ ಶಾಸ್ತ್ರ ಬೇಡ. ಆದರೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು, ನೋಟಿಸ್ ಕೊಟ್ಟ ಮೇಲೆ ಇನ್ನೂ 30 ದಿನ ಕಾಯಬೇಕು. ಮೂರು ವಾರದ ರಜೆಯಲ್ಲಿ ಬರೋ ಹುಡುಗ ಇದನ್ನ ಮೊದಲೇ ಲೆಕ್ಕ ಹಾಕಬೇಕು.

ಇನ್ನೊಂದು, ಹೆಸರು. ನಗಬೇಡಿ. ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಇನಿಷಿಯಲ್, ಆಧಾರಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಲ್ಲಿ ಅಡ್ಡಹೆಸರು, ಮದುವೆ ಪತ್ರದಲ್ಲಿ ಮನೆಯಲ್ಲಿ ಕರೆಯೋ ಹೆಸರು. ನಾಲ್ಕೂ ಒಬ್ಬಳೇ ಅಂತ ವೀಸಾ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ತಿದ್ದುಪಡಿಗೆ ತಿಂಗಳುಗಟ್ಟಲೆ ಹೋಗುತ್ತೆ. ಲಗ್ನಪತ್ರಿಕೆ ಪ್ರಿಂಟ್ ಮಾಡಿಸೋಕೂ ಮುಂಚೆ ಇಬ್ಬರೂ ಕಾಗದ ಎದುರು ಬದುರು ಇಟ್ಟು ನೋಡಿ. ಆಮೇಲೆ ಓಡಾಟ: ಪಾಸ್‌ಪೋರ್ಟಿಗೆ ಹುಬ್ಬಳ್ಳಿ, ಬ್ರಿಟನ್ ವೀಸಾಕ್ಕೆ ಬೆಂಗಳೂರು, ಅಮೆರಿಕದ ಕಾಯಂ ವೀಸಾ ಸಂದರ್ಶನಕ್ಕೆ ಮುಂಬೈ. ಸವದತ್ತಿಯಿಂದ ಬೆಂಗಳೂರಿಗೆ ಎರಡು ಸಲ ರಾತ್ರಿ ಬಸ್ ಹತ್ತಿದರೆ ಅದೂ ಖರ್ಚೇ.

ಈಗ ಕಷ್ಟದ ಮಾತು. ಐದು ಲಕ್ಷ ಯಾರು ಕೊಡಬೇಕು? “ಹುಡುಗಿನ ಫಾರಿನ್‌ಗೆ ಕರ್ಕೊಂಡು ಹೋಗ್ತೀವಿ, ವೀಸಾ ಖರ್ಚು ನೀವು ನೋಡ್ಕೊಳ್ರಿ” ಅಂತ ಗಂಡಿನ ಕಡೆಯವರು ಅಂದ್ರೆ ಅದಕ್ಕೆ ಬೇರೆ ಹೆಸರು ಇಡಬೇಡಿ. ಮದುವೆಗೆ ಸಂಬಂಧಿಸಿ ಕೇಳಿದ ದುಡ್ಡು 1961ರ ವರದಕ್ಷಿಣೆ ನಿಷೇಧ ಕಾಯ್ದೆಯೊಳಗೆ ಬರುತ್ತೆ. ಕೇಳಿದ್ದಕ್ಕೇ ಆರು ತಿಂಗಳಿಂದ ಎರಡು ವರ್ಷ ಜೈಲು ಇದೆ. ತಗೊಂಡರೂ ಕೊಟ್ಟರೂ ಕನಿಷ್ಠ ಐದು ವರ್ಷ. ಇಬ್ಬರೂ ದುಡಿಯೋರು, ತಮ್ಮ ಇಚ್ಛೆಯಿಂದ ತಮ್ಮ ಸಂಸಾರಕ್ಕೆ ಒಂದು ಖಾತೆಯಲ್ಲಿ ಉಳಿಸಿದರೆ ಅದು ಬೇರೆ. 2025ರ ಏಪ್ರಿಲ್‌ನಲ್ಲೇ ಹತ್ತು ಗ್ರಾಂ ಬಂಗಾರ ಲಕ್ಷ ಮುಟ್ಟಿತು. ಐದು ತೊಲೆ ಬಂಗಾರನಾ, ಒಟ್ಟಿಗೆ ಇರೋ ವೀಸಾನಾ ಅಂತ ಹಿರಿಯರ ಮುಂದೆ ಕೇಳೋಕೆ ಧೈರ್ಯ ಬೇಕು. ಆದರೆ ಲೆಕ್ಕ ಮಾತ್ರ ಅದೇ.

ಮದುವೆ ಮಾಡ್ಕೊಂಡು, ಹದಿನೈದು ದಿನ ಇದ್ದು, “ವೀಸಾ ಕಳಸ್ತೀನಿ” ಅಂತ ಹೋಗಿ ಫೋನ್ ಎತ್ತದವರೂ ಇದ್ದಾರೆ. ಅಂಥ ದೂರುಗಳಿಗೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಎನ್‌ಆರ್‌ಐ ಸೆಲ್ ಇದೆ. ಹುಡುಗನ ಪಾಸ್‌ಪೋರ್ಟ್ ಮತ್ತು ವೀಸಾದ ನಕಲು, ಕಂಪನಿಯ ಹೆಸರು, ಅಲ್ಲಿನ ವಿಳಾಸ ನಿಮ್ಮ ಹತ್ರ ಇದ್ದರೆ ಮಾತ್ರ ಆ ದೂರಿಗೆ ಬಲ. ಕೇಳಿದ್ದಕ್ಕೆ ಹುಡುಗ ಸಿಟ್ಟಾದರೆ, ಆ ಸಿಟ್ಟೂ ಒಂದು ಮಾಹಿತಿನೇ.

ಕೊನೆಗೆ ಉಲ್ಟಾ ಕೇಸ್. ಕಿತ್ತೂರಿನ ಹುಡುಗ, ಹೊರದೇಶದ ಹುಡುಗಿ, ಇಬ್ಬರೂ ಇಲ್ಲೇ ಇರಬೇಕು ಅಂತಾರೆ. ಭಾರತ ಇಷ್ಟು ಪಗಾರ ಇರಬೇಕು ಅಂತ ಗಂಡನನ್ನ ಕೇಳಲ್ಲ. ಅವಳಿಗೆ ಎಂಟ್ರಿ ವೀಸಾ ಸಿಗುತ್ತೆ. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದರೆ ಬಂದ 14 ದಿನದೊಳಗೆ ಆನ್‌ಲೈನ್ ನೋಂದಣಿ ಮಾಡಿಸಬೇಕು. ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಒಸಿಐ ಕಾರ್ಡಿಗೆ ಅರ್ಜಿ, ಇಲ್ಲಿಂದಲೇ ಹಾಕಿದರೆ ಶುಲ್ಕ 15,000 ರೂಪಾಯಿ. ಪಾಕಿಸ್ತಾನ, ಬಾಂಗ್ಲಾದೇಶದ ಹಿನ್ನೆಲೆಯವರಿಗೆ ಆ ಕಾರ್ಡ್ ಸಿಗಲ್ಲ. ಡೈವೋರ್ಸ್ ಆದರೆ ಕಾರ್ಡೂ ಹೋಗುತ್ತೆ. ಒಸಿಐ ಇದ್ದರೂ ಎರೆ ಹೊಲ ಖರೀದಿ ಮಾಡುವಂತಿಲ್ಲ. “ಸೊಸೆ ಹೆಸರಲ್ಲಿ ಎರಡೆಕರೆ ತಗೊಳ್ಳೋಣ” ಅಂತ ಮಾವನವರು ಅಂದುಕೊಂಡಿದ್ದರೆ ಈಗಲೇ ಹೇಳಿಬಿಡಿ.

ಶುಲ್ಕ, ಪಗಾರದ ಮಿತಿ ವರ್ಷ ವರ್ಷ ಬದಲಾಗ್ತವೆ. ಅರ್ಜಿ ಹಾಕೋ ದಿನ ಆಯಾ ದೇಶದ ಸರ್ಕಾರಿ ವೆಬ್‌ಸೈಟಲ್ಲೇ ನೋಡಿ, ಏಜೆಂಟ್ ಕಳಿಸಿದ ಪಿಡಿಎಫ್‌ನಲ್ಲಿ ಅಲ್ಲ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳ್ಸಿ, ಹುಡುಗನ ಅಥವಾ ಹುಡುಗಿಯ ವೀಸಾದ ಹೆಸರು ಹೇಳೋದು ಮರೀಬೇಡಿ.