ಸೀಟಿನ ಕೆಳಗಿನ ಅರ್ಧ ಇಂಡಿಕಾ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕದ ಒಂದು ಗ್ಯಾರೇಜಿನಲ್ಲಿ ಟಾಟಾ ಏಸ್ ನಿಂತಿತ್ತು. ಕೆಎ-40 ನೋಂದಣಿಯ ಹಳೆಯ ಡೀಸೆಲ್ ಬಂಡಿ. ಸೀಟು ಎತ್ತಿ ಒರಗಿಸಿದ್ದರು. ಅದನ್ನು ಹೊಸದಾಗಿ ಕೊಂಡ ರೈತರು ಪಕ್ಕದ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಸಾಗಿಸಲು, ರೇಷ್ಮೆ ಗೂಡು ಬಿಡಿಸಿದ ದಿನ ಮಾರುಕಟ್ಟೆಗೆ ಒಯ್ಯಲು ಅವರಿಗೆ ಬಂಡಿ ಬೇಕಿತ್ತು. ಎಂಜಿನ್ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು, ಹೊಗೆಯೂ ಇರಲಿಲ್ಲ. ಆದರೂ ಮೇಸ್ತ್ರಿ ಟೈಮಿಂಗ್ ಬೆಲ್ಟ್ ಬದಲಿಸದೆ ಬಂಡಿ ಹೊರಗೆ ಬಿಡುವುದಿಲ್ಲ ಎಂದು ಕೂತಿದ್ದರು.

"ಮೀಟ್ರು ಅರವತ್ತು ಸಾವಿರ ಅಂತೈತೆ ಸಾರ್. ಈ ಪೆಡಲ್ ರಬ್ಬರ್ ನೋಡಿ, ಅಂಗೈ ಥರ ನುಣ್ಣಗಾಗೈತೆ. ಯಾವುದನ್ನ ನಂಬ್ತೀರಾ?"

ಕವರು ಸರಿಸಿ ಬಿಚ್ಚಿದ ಹಳೆಯ ಬೆಲ್ಟನ್ನು ಅವರು ನನ್ನ ಕೈಗೆ ಕೊಟ್ಟರು. ಬೆನ್ನಿನ ಮೇಲೆ ಅಚ್ಚಾಗಿದ್ದ ಅಕ್ಷರಗಳು ಅಳಿಸಿಹೋಗಿ ರಬ್ಬರ್ ಹೊಳೆಯುತ್ತಿತ್ತು. ಒಳಮಗ್ಗುಲನ್ನು ಬೆಳಕಿಗೆ ಹಿಡಿದರೆ ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಒಂದು ಅಂಚಿನಲ್ಲಿ ನೂಲು ಎದ್ದಿತ್ತು. ಎಂಜಿನ್ ಸದ್ದಿನಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ. ಬೆಲ್ಟಿನ ಬದಲು ಚೈನ್ ಇರುವ ಎಂಜಿನ್ನಿನಲ್ಲಿ ಅದು ಸಡಿಲಾದರೆ ಬಹಳ ಸಲ ಗಲಗಲ ಎನ್ನುತ್ತದೆ. ಬೆಲ್ಟ್ ಮಾತ್ರ ಯಾವ ಸೂಚನೆಯನ್ನೂ ಕೊಡದೆ ತುಂಡಾಗಬಲ್ಲದು.

ಆ ಎಂಜಿನ್ ನೋಡುತ್ತಿದ್ದಂತೆ ನನಗೆ ಬಹಳ ಇಷ್ಟವಾದ ಒಂದು ಸಂಗತಿ ನೆನಪಾಯಿತು. ಟಾಟಾ ಇಂಡಿಕಾ ಕಾರು ಮಾರುಕಟ್ಟೆಗೆ ಬಂದದ್ದು 1998ರ ಡಿಸೆಂಬರಿನಲ್ಲಿ. ಅದರ ಎಂಜಿನ್ ರೂಪಿಸಲು ಫ್ರಾನ್ಸಿನ ಲ ಮೋಟರ್ ಮಾಡರ್ನ್ ಸಂಸ್ಥೆಯ ನೆರವಿತ್ತು. ನಾಲ್ಕು ಸಿಲಿಂಡರ್, 1405 ಸಿಸಿ. ಮುಂದೆ ಟಾಟಾದ ಗಿರೀಶ್ ವಾಘ್ ಅವರ ತಂಡ ಸಣ್ಣ ಸರಕು ಬಂಡಿ ಮಾಡಲು ಹೊರಟಾಗ ಆ ಎಂಜಿನ್ನಿನಿಂದಲೇ ಎರಡು ಸಿಲಿಂಡರಿನ, 702 ಸಿಸಿಯ ಎಂಜಿನ್ ಹುಟ್ಟಿಸಿತು. ಲೆಕ್ಕ ಸರಿಯಾಗಿ ಅರ್ಧ. 2005ರ ಮೇ ತಿಂಗಳಲ್ಲಿ ಏಸ್ ಬಂತು. ಹೊಸದೊಂದು ಎಂಜಿನ್ನಿಗೆ ಹಣ ಸುರಿಯದೆ, ಇದ್ದುದನ್ನೇ ಅರ್ಧ ಮಾಡಿ ಹಳ್ಳಿಯ ಕೈಗೆಟಕುವ ಬಂಡಿ ಮಾಡಿದ ಆ ಯೋಚನೆಯ ಬಗ್ಗೆ ನನಗೆ ಇಂದಿಗೂ ಗೌರವ. ಗೌರಿಬಿದನೂರಿನ ಓಣಿಯಲ್ಲಿ ಏಸ್ ಟಕಟಕ ಎನ್ನುತ್ತಾ ಹೋದರೆ ಅರ್ಧ ಇಂಡಿಕಾ ಹೋಯಿತೆಂದೇ ನನ್ನ ಮನಸ್ಸಿಗೆ ಬರುತ್ತದೆ. ಅರ್ಧವಾದರೂ ಇಂಡಿಕಾದ ಹಾಗೆಯೇ ಬೆಲ್ಟಿನಿಂದ ನಡೆಯುವ ಎಂಜಿನ್ ಅದು.

ಬೆಲ್ಟಿನ ಹುಟ್ಟು ಇನ್ನೂ ಸೊಗಸು. 1940ರ ದಶಕದಲ್ಲಿ ಅಮೆರಿಕದ ರಿಚರ್ಡ್ ಕೇಸ್ ಹಲ್ಲಿರುವ ರಬ್ಬರ್ ಬೆಲ್ಟ್ ಕಂಡುಹಿಡಿದದ್ದು ಹೊಲಿಗೆ ಯಂತ್ರಕ್ಕಾಗಿ. ಮೇಲಿನ ಸೂಜಿ, ಕೆಳಗಿನ ಬಾಬಿನ್ ಒಂದಕ್ಕೊಂದು ತಪ್ಪದಂತೆ ಚಲಿಸಬೇಕಿತ್ತು. ಅದು ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರಿನ ಎಂಜಿನ್ನಿಗೆ ಬಂದದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ 1004 ಕಾರಿನಲ್ಲಿ. ದಾರಕ್ಕಾಗಿ ಹುಟ್ಟಿದ ಬೆಲ್ಟು ರೇಷ್ಮೆಯ ಊರಿನ ಬಂಡಿಗಳನ್ನು ಓಡಿಸುತ್ತಿರುವುದು ನನಗೆ ತುಂಬಾ ಖುಷಿ ಕೊಡುವ ವಿಷಯ.

ಎಂಜಿನ್ನಿನೊಳಗೂ ಅದರ ಕೆಲಸ ಅದೇ, ಜೋಡಿ ತಪ್ಪದಂತೆ ನೋಡಿಕೊಳ್ಳುವುದು. ಪಿಸ್ಟನ್‌ಗೆ ಜೋಡಿಸಿದ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಅತಿಯಾಗಿ ಒತ್ತುವುದರಿಂದ ಪಿಸ್ಟನ್ ಮೇಲಕ್ಕೆ ಬಂದಾಗ ತಲೆಯ ಮೇಲೆ ಉಳಿಯುವ ಜಾಗ ತೀರಾ ಕಡಿಮೆ. ಬೆಲ್ಟ್ ತುಂಡಾದರೆ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದೇ ಉಳಿದ ವಾಲ್ವಿಗೆ ಬಂದು ಗುದ್ದುತ್ತದೆ. ವಾಲ್ವು ಬಾಗಿ ಹೆಡ್ ಇಳಿಸುವ ಕೆಲಸ ಬಿತ್ತೆಂದರೆ ಬೆಲ್ಟಿನ ಬೆಲೆಯ ಹಲವು ಪಟ್ಟು ಖರ್ಚು. ಗೂಡು ತುಂಬಿಕೊಂಡು ಹೊರಟ ದಿನವೇ ಹೀಗಾದರೆ ನಷ್ಟ ಗ್ಯಾರೇಜಿನ ಬಿಲ್ಲಿಗೆ ಮುಗಿಯುವುದಿಲ್ಲ. ಗೂಡು ಕಾಯುವ ಸರಕಲ್ಲ. ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ಹೂವೂ ಅಷ್ಟೇ.

ಮೇಸ್ತ್ರಿಯ ಕೈಕೆಲಸ ನೋಡಲು ಚೆಂದ. ಬಿಚ್ಚುವ ಮೊದಲೇ ಎಂಜಿನ್ ತಿರುಗಿಸಿ ಟೈಮಿಂಗ್ ಮಾರ್ಕುಗಳನ್ನು ಎದುರುಬದುರು ತಂದು, ಅವುಗಳ ಮೇಲೆ ಬಿಳಿ ಬಣ್ಣದ ಚುಕ್ಕಿ ಇಟ್ಟಿದ್ದರು. ಟೆನ್ಷನರ್ ಬೇರಿಂಗನ್ನು ಬೆರಳಿನಿಂದ ಸುತ್ತಿಸಿ ಕಿವಿಯ ಹತ್ತಿರ ಹಿಡಿದರು. ಕರಕರ ಸದ್ದು. ಅದನ್ನೂ ತೆಗೆದಿಟ್ಟರು. ಹೊಸ ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟದೆ ಕೈಯಲ್ಲೇ ಕೂರಿಸಿದರು. ಒಳಗಿರುವುದು ಗಾಜಿನ ನೂಲು, ಮಡಚಿದರೆ, ಮೀಟಿದರೆ ಒಳಗೊಳಗೇ ಮುರಿಯುತ್ತದೆ. ಆಮೇಲೆ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಿಂದಲೇ ಪೂರಾ ಎರಡು ಸುತ್ತು ತಿರುಗಿಸಿ, ಚುಕ್ಕಿಗಳು ಮತ್ತೆ ಕೂಡಿದ್ದನ್ನು ನೋಡಿದ ಮೇಲೆಯೇ ಕೀಲಿ ಕೈಗೆತ್ತಿಕೊಂಡರು. ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಎಂಜಿನ್ ಸರಿಯಾಗಿ ನಡೆಯುವುದಿಲ್ಲ. ಈ ಎರಡು ಸುತ್ತು ತಿರುಗಿಸದೆ ಸ್ಟಾರ್ಟ್ ಮಾಡುವ ಕಡೆ ಬಂಡಿ ಬಿಡಬೇಡಿ.

ಎಲ್ಲ ವಾಹನಕ್ಕೂ ಈ ಚಿಂತೆಯಿಲ್ಲ. ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿರುವುದು ಚೈನ್. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ಡೀಸೆಲ್ಲಿಗೂ ಚೈನ್. ಅದಕ್ಕೆ ಹಿಂದಿನ ಡೀಸೆಲ್ ಇನ್ನೋವಾಗಳು, ಹಳೆಯ ಓಮ್ನಿ, ಮಾರುತಿ 800 ಎಲ್ಲವೂ ಬೆಲ್ಟಿನವು. ಆ ಇನ್ನೋವಾದ ಡ್ಯಾಶ್‌ಬೋರ್ಡಿನಲ್ಲಿ ಬೆಲ್ಟ್ ಬದಲಿಸುವ ಕಾಲ ಬಂದಾಗ ಹೊತ್ತಿಕೊಳ್ಳುವ 'ಟಿ-ಬೆಲ್ಟ್' ದೀಪವಿದೆ. ಬೆಲ್ಟ್ ಮುಟ್ಟದೆಯೂ ಆ ದೀಪ ಆರಿಸಬಹುದು. ಹಾಗಾಗಿ ದೀಪ ಉರಿಯುತ್ತಿಲ್ಲ ಎಂಬ ಮಾರುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. "ಹೋದ ವರ್ಷವೇ ಹಾಕಿಸಿದ್ದು" ಎಂಬ ಬಾಯಿಮಾತೂ ಅಷ್ಟೇ. ಬೆಲ್ಟಿಗೆ ಕಿಲೋಮೀಟರಿನ ಲೆಕ್ಕದ ಜೊತೆ ವರ್ಷದ ಲೆಕ್ಕವೂ ಇದೆ; ಓಡದೆ ಶೆಡ್ಡಿನಲ್ಲಿ ನಿಂತರೂ ರಬ್ಬರ್ ಗಟ್ಟಿಯಾಗುತ್ತದೆ. ಎಣ್ಣೆ ಸೋರಿ ಬಿದ್ದರಂತೂ ಇನ್ನೂ ಬೇಗ ಹಾಳು.

ನಮ್ಮ ಜನ ಹಳೆಯ ಬಂಡಿ ಕೊಂಡ ಮೇಲೆ ಆರ್‌ಸಿ ವರ್ಗಾವಣೆಗೆ ಓಡಾಡುತ್ತಾರೆ, ಪೂಜೆ ಮಾಡಿಸುತ್ತಾರೆ, ಸೀಟ್ ಕವರ್ ಹೊಲಿಸುತ್ತಾರೆ. ಬೆಲ್ಟನ್ನು ಮುಂದಿನ ತಿಂಗಳಿಗೆ ತಳ್ಳುತ್ತಾರೆ. ದಯವಿಟ್ಟು ತಳ್ಳಬೇಡಿ. ಹಿಂದಿನವರು ಹಾಕಿಸಿದ ಬಿಲ್ ಕೈಗೆ ಸಿಗದಿದ್ದರೆ, ಮೊದಲ ಲೋಡ್ ಹೇರುವ ಮುನ್ನವೇ ಬೆಲ್ಟ್, ಟೆನ್ಷನರ್ ಎರಡನ್ನೂ ಬದಲಿಸಿ. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವ ಎಂಜಿನ್ನಾದರೆ ಪಂಪನ್ನೂ ಅದೇ ದಿನ ನೋಡಿಸಿ, ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಬಿಲ್ಲಿನ ಮೇಲೆ ತಾರೀಖು, ಮೀಟರಿನ ಅಂಕಿ ಎರಡನ್ನೂ ಬರೆಸಿಕೊಳ್ಳಿ. ನಾಳೆ ಬಂಡಿ ಮಾರುವಾಗ ಆ ಬಿಲ್ಲನ್ನು ಕೊಳ್ಳುವವರ ಕೈಗೆ ಕೊಡಿ.