ಜೋಗದ ದಾರಿಯಲ್ಲಿ ಇಳಿಯಬೇಕಾದ ಎರಡು ಊರು

ಬೆಂಗಳೂರಿನಿಂದ ಮಲೆನಾಡು ನೋಡಲು ಹೊರಟವರಿಗೆ ಶಿವಮೊಗ್ಗ ಎಂದರೆ ತಿಂಡಿಗೆ ನಿಲ್ಲುವ ಊರು, ಭದ್ರಾವತಿ ಎಂದರೆ ರೈಲಿನ ಕಿಟಕಿಯಿಂದ ಕಾಣುವ ಚಿಮಣಿ. ವಾರಾಂತ್ಯದ ಎರಡು ದಿನಗಳಲ್ಲಿ ಜೋಗ, ಆಗುಂಬೆ, ಕೊಡಚಾದ್ರಿ ಮೂರನ್ನೂ ಮುಗಿಸುವ ಲೆಕ್ಕಾಚಾರದಲ್ಲಿ ಈ ಎರಡು ಊರುಗಳಿಗೆ ಒಂದು ಗಂಟೆಯೂ ಸಿಗುವುದಿಲ್ಲ. ದೇಶ ದೊಡ್ಡದು, ರಜೆ ಚಿಕ್ಕದು, ಹಾಗಾಗಿ ಅವಸರ ಸಹಜವೇ. ಆದರೆ ಓಡಿದ ಕಿಲೋಮೀಟರಿಗೂ ಕಂಡ ನಾಡಿಗೂ ನೇರ ಸಂಬಂಧವಿಲ್ಲ. ಕಾಡು ಊರನ್ನು ಹೇಗೆ ಸಾಕಿತು, ಊರು ಕಾಡನ್ನು ಹೇಗೆ ತಿಂದಿತು, ಕೊನೆಗೆ ಎರಡೂ ಯಾವ ರಾಜಿಗೆ ಬಂದವು ಎಂಬುದನ್ನು ತಿಳಿಯದೆ ಮಲೆನಾಡು ಅರ್ಥವಾಗದು. ಇದನ್ನು ಕಣ್ಣಾರೆ ಕಾಣಲು ಸುಮಾರು ಇಪ್ಪತ್ತು ಕಿ.ಮೀ. ಅಂತರದ ಈ ಜೋಡಿ ಊರುಗಳಿಗಿಂತ ಅನುಕೂಲವಾದ ಜಾಗ ಮತ್ತೊಂದಿಲ್ಲ. ಪ್ರವಾಸದ ಹೆಚ್ಚು ದಿನಗಳನ್ನು ಇಲ್ಲಿಗೇ ಮೀಸಲಿಡಬೇಕು ಎನ್ನುವುದು ಈ ಲೇಖನದ ವಾದ.

ನಕ್ಷೆ ಬಿಡಿಸಿದರೆ ಯೋಜನೆ ತಾನಾಗಿಯೇ ಸಿದ್ಧವಾಗುತ್ತದೆ. ತುಂಗೆ, ಭದ್ರೆ ಇಬ್ಬರೂ ಹುಟ್ಟುವುದು ಗಂಗಾಮೂಲದಲ್ಲಿ. ತುಂಗೆ ಶೃಂಗೇರಿ, ತೀರ್ಥಹಳ್ಳಿ ಹಾದು ಶಿವಮೊಗ್ಗಕ್ಕೆ ಬರುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿ ದಾಟಿ ಭದ್ರಾವತಿಗೆ. ಎರಡೂ ನದಿಗಳು ಮತ್ತೆ ಕೂಡುವುದು ಶಿವಮೊಗ್ಗಕ್ಕೆ ಹದಿನೈದು ಕಿ.ಮೀ. ಆಸುಪಾಸಿನ ಕೂಡಲಿಯಲ್ಲಿ. ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯೂ, ಅದರ ಸಣ್ಣ ಪಾಲನ್ನಷ್ಟೇ ಕಾಣುವ ಶಿವಮೊಗ್ಗವೂ ಒಂದೇ ಜಿಲ್ಲೆಯಲ್ಲಿವೆ. ದಟ್ಟ ಕಾಡು ಸರಿದು ಗದ್ದೆ, ತೋಟ, ಬಯಲು ಶುರುವಾಗುವ ಅಂಚಿನಲ್ಲಿ ಈ ಎರಡು ಪಟ್ಟಣಗಳು ಕುಳಿತಿವೆ. ಕೆಲವು ದಿನ ತುಂಗೆಯ ದಂಡೆ, ಕೆಲವು ದಿನ ಭದ್ರೆಯ ದಂಡೆ, ಕೊನೆಯ ದಿನ ಕೂಡಲಿ: ಇದಕ್ಕಿಂತ ಸರಳವಾದ ಪ್ರವಾಸಪಟ್ಟಿ ಬೇಕಿಲ್ಲ.

ತುಂಗೆಯ ಕಡೆಯಿಂದ ಆರಂಭಿಸಬಹುದು. ಕೋಟೆ ಪ್ರದೇಶದಲ್ಲಿ ಶಿವಪ್ಪ ನಾಯಕನ ಹೆಸರಿನ ಅರಮನೆ ಇಂದು ಸರ್ಕಾರಿ ವಸ್ತುಸಂಗ್ರಹಾಲಯ. ಕೆಳದಿ ಅರಸರ ನಾಡಿನ ಶಿಲ್ಪಗಳು, ವೀರಗಲ್ಲುಗಳು ಅಲ್ಲಿವೆ. ಗಾಂಧಿ ಬಜಾರಿನ ಗದ್ದಲ ಒಂದು ಲೋಕವಾದರೆ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿ ಅಡಿಕೆಗೆ ಬೆಲೆ ಕಟ್ಟುವ ಮಾರುಕಟ್ಟೆ ಇನ್ನೊಂದು ಲೋಕ. ಆ ದಿನದ ಧಾರಣೆಯ ಮೇಲೆ ಮಲೆನಾಡಿನ ಮದುವೆ, ಮನೆ, ಮಕ್ಕಳ ಓದು ನಿಂತಿರುವುದರಿಂದ ಅದನ್ನು ಯಾವ ಪ್ರೇಕ್ಷಣೀಯ ಸ್ಥಳಕ್ಕೂ ಕಡಿಮೆ ಎನ್ನಲಾಗದು. ನಗರದಿಂದ ಕೆಲವೇ ಕಿ.ಮೀ. ದೂರದಲ್ಲಿ ಸಂಸ್ಕೃತಕ್ಕೆ ಹೆಸರಾದ ಮತ್ತೂರು, ಗಮಕ ಕಲೆಯನ್ನು ಉಳಿಸಿಕೊಂಡ ಹೊಸಹಳ್ಳಿ ತುಂಗೆಯ ಎರಡು ದಂಡೆಗಳಲ್ಲಿ ಎದುರುಬದುರಾಗಿವೆ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಈ ಹೊಸಹಳ್ಳಿಯವರು. ತೀರ್ಥಹಳ್ಳಿ ರಸ್ತೆಯಲ್ಲಿ ಮುಂದೆ ಹೋದರೆ ಗಾಜನೂರು ಜಲಾಶಯ, ಅದರ ಹಿನ್ನೀರಿನ ಅಂಚಿಗೆ ಸಕ್ರೆಬೈಲು ಆನೆ ಬಿಡಾರ. ಒಂದು ಕಾಲಕ್ಕೆ ಕಾಡಿನ ದಿಮ್ಮಿ ಎಳೆಯುತ್ತಿದ್ದ ಬಿಡಾರದ ಆನೆಗಳಿಗೆ ಈಗ ಊರಿಗೆ ನುಗ್ಗುವ ಪುಂಡಾನೆಗಳನ್ನು ಹಿಡಿಯುವ ಕೆಲಸ. ಕಾಡಿನ ಜತೆ ನಮ್ಮ ವ್ಯವಹಾರ ಎಷ್ಟು ಬದಲಾಗಿದೆ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

‘ಶಿವಮೊಗ್ಗ ಸರಿ, ಭದ್ರಾವತಿಯಲ್ಲಿ ನೋಡುವುದೇನಿದೆ? ಸೊರಗಿದ ಕಾರ್ಖಾನೆ ಪ್ರವಾಸಿ ತಾಣವೇ?’ ಎಂಬ ಆಕ್ಷೇಪ ಬಂದೇ ಬರುತ್ತದೆ. ಹಳೇನಗರದಲ್ಲಿ ಹೊಯ್ಸಳರ ತ್ರಿಕೂಟ ಲಕ್ಷ್ಮೀನರಸಿಂಹ ದೇವಾಲಯವಿದೆ ಎಂದು ಉತ್ತರಿಸಿ ಸುಮ್ಮನಾಗಬಹುದು. ಆದರೆ ಭದ್ರಾವತಿಯ ನಿಜವಾದ ಕಥೆ ಇರುವುದು ಆಕ್ಷೇಪಕರು ಮೂಗು ಮುರಿಯುವ ಜಾಗದಲ್ಲೇ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ನಷ್ಟದ ಆ ಮೊದಲ ವರ್ಷಗಳಲ್ಲಿ ಅದರ ಹೊಣೆ ಹೊತ್ತವರು ಸರ್ ಎಂ. ವಿಶ್ವೇಶ್ವರಯ್ಯ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಊದುಕುಲುಮೆಗೆ ಇಂಧನವಾದದ್ದು ಸುತ್ತಲಿನ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಇಂದು ತಂಪು ಹುಡುಕಿಕೊಂಡು ಕೆಮ್ಮಣ್ಣುಗುಂಡಿಗೆ ಹೋಗುವವರು ಈ ಕಾರ್ಖಾನೆಯ ಗಣಿಯ ಮೇಲೆಯೇ ನಡೆದಾಡುತ್ತಿರುತ್ತಾರೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಕೂಡ ಕಾಡನ್ನೇ ನಂಬಿ ಬೆಳೆಯಿತು. ಅದಕ್ಕಾಗಿ ಗುತ್ತಿಗೆ ಕೊಟ್ಟ ಸಾವಿರಾರು ಹೆಕ್ಟೇರಿನಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳೆದ್ದವು. ಮಿಲ್ ನಿಂತ ಮೇಲೂ ಆ ತೋಪುಗಳ ಬಗೆಗಿನ ಜಗಳ ನಿಲ್ಲಲಿಲ್ಲ, ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂದು ಮಲೆನಾಡಿಗರು ಹೋರಾಟಕ್ಕಿಳಿದರು. 2023ರ ಆರಂಭದಲ್ಲಿ ಆ ಹಳೆಯ ಕಬ್ಬಿಣ, ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗೆ ಬಂದರು. ಗೇಟಿನೊಳಗೆ ಪ್ರವಾಸಿಗರಿಗೆ ಮುಕ್ತ ಪ್ರವೇಶವಿಲ್ಲ, ನಿಜ. ಆದರೆ ನ್ಯೂಟೌನ್, ಪೇಪರ್ ಟೌನ್‌ಗಳ ಮರದ ಸಾಲಿನ ರಸ್ತೆಗಳಲ್ಲಿ ನಡೆದರೆ ಸಾಕು. ಒಂದು ಶತಮಾನದ ಕೈಗಾರಿಕಾ ಕನಸು ಎಷ್ಟು ಎತ್ತರಕ್ಕೆ ಹೋಗಿತ್ತು, ಯಾವುದರ ಬಲದ ಮೇಲೆ ಹೋಗಿತ್ತು ಎಂಬುದು ತಿಳಿಯುತ್ತದೆ.

ಈ ತಿಳಿವಳಿಕೆಯೊಂದಿಗೆ ಲಕ್ಕವಳ್ಳಿಗೆ ಹೋದವರ ಸಫಾರಿ ಬೇರೆಯೇ ಆಗುತ್ತದೆ. 1960ರ ದಶಕದಲ್ಲಿ ಪೂರ್ಣಗೊಂಡ ಭದ್ರಾ ಅಣೆಕಟ್ಟು ಕೆಳಗಿನ ಬಯಲನ್ನು ಹಸಿರು ಮಾಡಿತು, ಮೇಲೆ ಕಾಡು ಮುಳುಗಿತು. ಉಳಿದ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿದ ಮೇಲೆ ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ನೆಲೆ ಕಂಡುಕೊಂಡವು. ‘ಯಾರೂ ಮುಟ್ಟದ ಕಾಡು’ ಎಂದು ಜಾಹೀರಾತುಗಳು ಕರೆಯುವ ಹಸಿರಿನ ಹಿಂದೆ ಇಷ್ಟು ಜನರ ಲೆಕ್ಕವಿದೆ.

ನಿಧಾನದ ಪ್ರವಾಸ ರಜೆ, ದುಡ್ಡು ಎರಡೂ ಇದ್ದವರ ಷೋಕಿ ಎನ್ನುವವರಿದ್ದಾರೆ. ಲೆಕ್ಕ ಹಾಕಿದರೆ ಇದು ತಿರುವುಮುರುವು. ಶಿವಮೊಗ್ಗದಲ್ಲಿ ಒಂದೇ ಕೋಣೆ ಹಿಡಿದು, ಎರಡು ಊರಿನ ನಡುವೆ ರೈಲು, ಬಸ್ಸಿನಲ್ಲಿ ಓಡಾಡುವ ಖರ್ಚು, ಬಾಡಿಗೆ ಕಾರಿನಲ್ಲಿ ಘಟ್ಟ ಸುತ್ತುವುದಕ್ಕಿಂತ ಕಡಿಮೆ. ಜನ ಹೆಚ್ಚಿದರೆ ಇಲ್ಲಿನ ಪರಿಸರವೂ ಹಾಳಾಗುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಹೊರೆಯಾಗುವುದು ಒಂದೇ ಭಾನುವಾರ ಒಂದೇ ಜಲಪಾತಕ್ಕೆ ಮುಗಿಬೀಳುವ ದಂಡು. ನಾಲ್ಕಾರು ದಿನ ಹಂಚಿಕೊಂಡು ಬರುವವರ ದುಡ್ಡು ಊರಿನ ಹೋಟೆಲು, ಆಟೊ, ಸಂತೆಗೆ ಸೇರುತ್ತದೆ. ಅಲ್ಲದೆ ಇಲ್ಲಿನ ಋತುಮಾನವೇ ಅವಸರಕ್ಕೆ ಅಡ್ಡಗಾಲು. ತುಂಗೆಯ ಮಂಡಗದ್ದೆ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ; ಭದ್ರಾ ಹಿನ್ನೀರಿನ ದಿಬ್ಬಗಳಲ್ಲಿ ನದಿರೀವ (ರಿವರ್ ಟರ್ನ್) ಹಕ್ಕಿಗಳು ಮೊಟ್ಟೆ ಇಡುವುದು ನೀರಿಳಿದ ಬೇಸಿಗೆಯಲ್ಲಿ. ಎರಡನ್ನೂ ಒಂದೇ ಸಲಕ್ಕೆ ನೋಡಲು ಯಾವ ಪ್ಯಾಕೇಜಿಗೂ ಸಾಧ್ಯವಿಲ್ಲ.

ಹಾಗಾಗಿ ಮೊದಲು ಋತುವನ್ನು ಆರಿಸಿಕೊಳ್ಳಿ, ಆಮೇಲೆ ರೈಲಿನ ಟಿಕೆಟ್ ತೆಗೆಯಿರಿ. ಸಕ್ರೆಬೈಲಿಗೆ ಬೆಳಿಗ್ಗೆಯೇ ಹೋಗಿ, ಆನೆಗಳ ಸ್ನಾನ ಮಧ್ಯಾಹ್ನದವರೆಗೆ ಕಾಯುವುದಿಲ್ಲ. ಲಕ್ಕವಳ್ಳಿಯ ಸಫಾರಿಯನ್ನು ಮುಂಚೆಯೇ ಕಾದಿರಿಸಿ. ಭದ್ರಾವತಿಗೆ ಇಡೀ ಒಂದು ದಿನ ಕೊಡಿ. ಜೋಗ ಎಲ್ಲಿಗೂ ಹೋಗುವುದಿಲ್ಲ. ಈ ಎರಡು ಊರು ನೋಡಿಕೊಂಡು ಅಲ್ಲಿಗೆ ಹೋದರೆ, ಮಲೆನಾಡು ಬರೀ ಹಸಿರು ಹಿನ್ನೆಲೆಯಲ್ಲ, ದುಡಿದ ನಾಡು ಎಂಬುದು ತಿಳಿದಿರುತ್ತದೆ.