ಇಪ್ಪತ್ತೈದು ಮೀಟರ್ ಆಚೆಯ ನಂಬರ್ ಪ್ಲೇಟು

ಬೆಳಗಿನ ಆರರ ಹೊತ್ತಿಗೆ ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್ ಹೊಕ್ಕರೆ ಮೂಗಿಗೆ ಮೊದಲು ಬಡಿಯುವುದು ಡೀಸೆಲ್ಲು. ಅದರ ಬೆನ್ನಿಗೇ ಯಾವುದೋ ಕ್ಯಾಬಿನ್ನಿನ ಊದುಬತ್ತಿ, ಪಂಕ್ಚರ್ ಅಂಗಡಿಯ ಸುಟ್ಟ ರಬ್ಬರು, ಗಾಡಿಯ ಮಗ್ಗುಲಲ್ಲೇ ಹೊತ್ತಿಸಿದ ಸ್ಟೌವಿನ ಮೇಲೆ ಸಿಡಿಯುವ ಒಗ್ಗರಣೆ. ರಾತ್ರಿಯ ಇಬ್ಬನಿಗೆ ಒದ್ದೆಯಾದ ಟಾರ್ಪಾಲನ್ನು ಇಬ್ಬರು ಹಿಡಿದು ಕೊಡವುತ್ತಾರೆ. ಕ್ಲೀನರ್ ಹುಡುಗನೊಬ್ಬ ಕಬ್ಬಿಣದ ರಾಡು ಹಿಡಿದು ಟೈರಿನಿಂದ ಟೈರಿಗೆ ಹೋಗಿ ಒಂದೊಂದು ಪೆಟ್ಟು ಕೊಟ್ಟು, ಗಾಳಿ ಸರಿಯಿದೆಯೇ ಎಂದು ಕಿವಿಯಲ್ಲೇ ಅಳೆಯುತ್ತಾನೆ. ಬಂಪರಿನ ಮೇಲೆ ಕೂತ ರಾಜಸ್ಥಾನದ ಡ್ರೈವರೊಬ್ಬ ಕ್ಯಾನಿನ ನೀರಲ್ಲಿ ಬಾಯಿ ಮುಕ್ಕಳಿಸುತ್ತ ಮನೆಗೆ ಫೋನು ಹಚ್ಚಿದ್ದಾನೆ.

ಟೀ ಅಂಗಡಿಯ ಬೆಂಚಿನ ತುದಿಗೆ ಬನ್ನಿ. ಅಲ್ಲಿ ರಸ್ತೆಗೆ ಬೆನ್ನು ಹಾಕಿ ಕೂತವರನ್ನು ಇಲ್ಲಿಯ ಹುಡುಗರು ಅಣ್ಣ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತು ದಾಟಿದೆ, ಊರು ಶಿರಾದ ಕಡೆ. ಕೆಲಸವಿಲ್ಲದಿದ್ದರೂ ಖಾಕಿ ಪ್ಯಾಂಟು ಬಿಟ್ಟಿಲ್ಲ. ಹಿಂದೆ ಗಾಡಿಯೊಂದು ಗೇರು ಬದಲಿಸಿದರೆ ತಿರುಗಿ ನೋಡದೆಯೇ, ‘ಲೇಲ್ಯಾಂಡು. ಲೋಡ್ ಜಾಸ್ತಿ ಐತೆ’ ಎನ್ನುತ್ತಾರೆ. ನಾನು ತಿರುಗಿ ನೋಡಿದೆ, ಲೇಲ್ಯಾಂಡೇ. ಕಲ್ಲಿನ ಭಾರಕ್ಕೆ ಹಿಂದಿನ ಟೈರುಗಳು ಉಬ್ಬಿದ್ದವು.

ಕಿವಿ ಇಷ್ಟು ಚುರುಕಾಗಿದ್ದು ಕಣ್ಣು ಕೈಕೊಟ್ಟ ಮೇಲೋ ಏನೋ, ಗೊತ್ತಿಲ್ಲ. ಶುಗರ್ ಬಂದು ಬಹಳ ವರ್ಷವಾಗಿತ್ತು. ಹೊಸೂರು, ಚೆನ್ನೈ, ಪುಣೆ ಎಂದು ಓಡಾಡುವವನಿಗೆ ಹೊತ್ತಿಗೆ ಸರಿಯಾಗಿ ಊಟವೆಲ್ಲಿ, ಮಾತ್ರೆಯೆಲ್ಲಿ? ಕೊನೆಕೊನೆಗೆ ರಾತ್ರಿ ಎದುರು ಗಾಡಿಯ ಹೆಡ್‌ಲೈಟು ಹಾಲು ಚೆಲ್ಲಿದ ಹಾಗೆ ಗಾಜಿನ ತುಂಬ ಹರಡತೊಡಗಿತು. ಗಾಜು ಒರೆಸಿದರು, ಕನ್ನಡಕ ಬದಲಿಸಿದರು. ಅಷ್ಟರಲ್ಲಿ ಹೆವಿ ಡಿಎಲ್ ರಿನ್ಯೂವಲ್ಲು ಬಂತು. ಸಾರಿಗೆ ವಾಹನದ ಲೈಸೆನ್ಸಿಗೆ ಮೊದಲು 3 ವರ್ಷದ ಆಯುಸ್ಸಿತ್ತು, 2019ರ ತಿದ್ದುಪಡಿ ಅದನ್ನು 5 ವರ್ಷ ಮಾಡಿತು. ನವೀಕರಿಸಬೇಕಾದಾಗಲೆಲ್ಲ ಡಾಕ್ಟರು ‘ಫಾರಂ 1–ಎ’ ತುಂಬಿ ಸಹಿ ಹಾಕಬೇಕು. ಅದರಲ್ಲೊಂದು ಪ್ರಶ್ನೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಈತನಿಗೆ ಕಾಣುವುದೇ? ಹೆಚ್ಚಿನ ಕಡೆ ಈ ಫಾರಮ್ಮು ಕಣ್ಣು ಮುಚ್ಚಿ ತೆರೆಯುವುದರೊಳಗೆ ತುಂಬಿ ಕೈಗೆ ಬರುತ್ತದೆ. ಇವರ ಡಾಕ್ಟರು ನಿಜಕ್ಕೂ ಕಣ್ಣು ನೋಡಿದರು. ಪೊರೆಯಲ್ಲ, ರೆಟಿನಾ ಎಂದರು. ಸಹಿ ಬೀಳಲಿಲ್ಲ. ಆ ಡಾಕ್ಟರನ್ನು ಅಣ್ಣ ಬೈಯುವುದಿಲ್ಲ. ‘ಹಾಕಿದ್ರೆ ಯಾರ್ನೋ ಸಾಯಿಸ್ತಿದ್ದೆ’ ಎಂದು ಟೀ ಲೋಟ ಕೆಳಗಿಟ್ಟರು.

ಬೇಸರವಿರುವುದು ಆಮೇಲೆ ನಡೆದದ್ದರ ಬಗ್ಗೆ. ಹದಿನಾಲ್ಕು ವರ್ಷ ಗಾಡಿ ಓಡಿಸಿದ ಕಂಪನಿಯ ಆಫೀಸಿನಲ್ಲಿ ಬಿಳಿ ಹಾಳೆಯೊಂದನ್ನು ಮುಂದೆ ಸರಿಸಿದರು. ‘ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ’ ಎಂದು ಟೈಪಾಗಿತ್ತು. ಡಿಎಲ್ಲೇ ಇಲ್ಲದ ಡ್ರೈವರು ಏನಂತ ವಾದಿಸಬೇಕು? ಸೈನ್ ಹಾಕಿದರು. ಪಿಎಫ್, ಗ್ರ್ಯಾಚುಯಿಟಿ ಬರುತ್ತದೆ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು.

ಕೆಲಸ ಹೋದವರಿಗೆ ಇಎಸ್‌ಐನಲ್ಲಿ ದುಡ್ಡು ಕೊಡುತ್ತಾರೆ ಎಂದು ಹೇಳಿದವನು ಟರ್ಮಿನಲ್ಲಿನ ಹುಡುಗನೊಬ್ಬ. ಅವನ ಮಾತು ನಂಬಿಕೊಂಡೇ ನಾವು ಶಾಖಾ ಕಚೇರಿಯ ಬೆಂಚಿನಲ್ಲಿ ಕೂತೆವು. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಹೆರಿಗೆ ಭತ್ಯೆಯ ಕಾಗದ ಹಿಡಿದು ನಿಂತಿದ್ದರು, ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡ ಪ್ರೆಸ್ ಆಪರೇಟರೊಬ್ಬ ಎಡಗೈಯಲ್ಲಿ ಸಹಿ ಅಭ್ಯಾಸ ಮಾಡುತ್ತಿದ್ದ. ನಮ್ಮ ಸರದಿ ಬಂದಾಗ ಗುಮಾಸ್ತರು ವಿಮಾ ಸಂಖ್ಯೆ ಒತ್ತಿ ಪರದೆ ನೋಡಿದರು. ಯೋಜನೆಯ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈಯಲ್ಲಿ ಪ್ರಯೋಗವೆಂದು ಶುರುವಾಗಿ ಆಮೇಲೆ ಮತ್ತೆ ಮತ್ತೆ ಮುಂದುವರಿದದ್ದು. ಸರಾಸರಿ ದಿನದ ಸಂಬಳದ ಅರ್ಧದಷ್ಟು, ಹೆಚ್ಚೆಂದರೆ 90 ದಿನ, ಅದೂ ಜೀವಮಾನದಲ್ಲಿ ಒಂದೇ ಸಲ. 2020ಕ್ಕೆ ಮೊದಲು ಕಾಲು ಭಾಗವಷ್ಟೇ ಇತ್ತು. ಅಣ್ಣನ ಸಂಬಳ 19 ಸಾವಿರ, ಅದರಲ್ಲಿ ಇಎಸ್‌ಐ ಪಾಲೆಂದು ತಿಂಗಳಿಗೆ 0.75%, ಎಂದರೆ ನೂರನಲವತ್ತು ರೂಪಾಯಿಯಷ್ಟು ಮುರಿಯುತ್ತಿದ್ದರು. ಲೆಕ್ಕ ಹಾಕಿದರೆ ಮೂರು ತಿಂಗಳಿಗೆ 28 ಸಾವಿರದ ಆಸುಪಾಸು ಸಿಗಬೇಕು.

ಸಿಗಬೇಕು. ಆದರೆ ಕಂಪನಿ ಕಳಿಸಿದ ಲೆಕ್ಕದಲ್ಲಿ, ಕಾರಣಗಳ ಪಟ್ಟಿಯಿಂದ ಆರಿಸಿ, ಇವರಾಗಿ ಕೆಲಸ ಬಿಟ್ಟರು ಎಂದು ನಮೂದಾಗಿತ್ತು. ತಾನಾಗಿ ನಿವೃತ್ತಿ ಪಡೆದವನಿಗೆ, ದುರ್ನಡತೆಗೆ ವಜಾ ಆದವನಿಗೆ ಈ ದುಡ್ಡಿಲ್ಲ. ಕುಡಿದು ಓಡಿಸಿ ಲೈಸೆನ್ಸ್ ಅಮಾನತಾಗಿ ಕೆಲಸ ಕಳೆದುಕೊಂಡವನಿಗೆ ಇಲ್ಲವೆಂದರೆ ನನ್ನ ತಕರಾರಿಲ್ಲ. ಕಣ್ಣು ಹೋದವನೂ ಅದೇ ಗೋಡೆಗೆ ತಲೆ ಹೊಡೆದುಕೊಳ್ಳಬೇಕೇ?

ಇದೇ ಕಣ್ಣು ಸರ್ಕಾರಿ ಬಸ್ಸಿನ ಡ್ರೈವರಿಗೆ ಕೈಕೊಟ್ಟಿದ್ದರೆ ಕತೆ ಬೇರೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಮನೆಗೆ ಕಳಿಸುವಂತಿಲ್ಲ, ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ನು. ಟ್ರಿಪ್ಪಿಗಿಷ್ಟು ಎಂದು ಟಿಪ್ಪರ್ ಓಡಿಸುವವನಿಗೆ ಮಾತ್ರ ಇಎಸ್‌ಐ ಕಾರ್ಡೂ ಇಲ್ಲ, ಕೂರಲು ಈ ಬೆಂಚೂ ಇಲ್ಲ. ನಮ್ಮ ರಾಜ್ಯದ ಯುವನಿಧಿ ಹೊಸದಾಗಿ ಪದವಿ, ಡಿಪ್ಲೊಮಾ ಮುಗಿಸಿದ ನಿರುದ್ಯೋಗಿಗಳಿಗೆ. ಐವತ್ತರ ನಿರುದ್ಯೋಗಿ ಅದರ ಲೆಕ್ಕಕ್ಕಿಲ್ಲ.

ಗುಮಾಸ್ತರು ಒಳ್ಳೆಯವರು. ಪೆನ್ನಿನ ಮುಚ್ಚಳ ಹಾಕಿ, ‘ಕಣ್ಣಿಗೆ ಏನಾಗಿದೆ ಯಜಮಾನ್ರೇ?’ ಎಂದು ಕೇಳಿದರು. ಚೀಟಿ ನೋಡಿ ನಿಟ್ಟುಸಿರಿಟ್ಟರು. ಇಎಸ್‌ಐನಲ್ಲಿ 34 ದೀರ್ಘಕಾಲದ ಕಾಯಿಲೆಗಳ ಪಟ್ಟಿಯಿದೆ. ಸಕ್ಕರೆ ಕಾಯಿಲೆಯಿಂದ ರೆಟಿನಾ ತೀವ್ರವಾಗಿ ಕೆಡುವುದೂ ಅದರಲ್ಲಿದೆ. ಎರಡು ವರ್ಷ ಸೇವೆಯಾಗಿ ವಂತಿಗೆ ಸರಿಯಾಗಿ ಕಟ್ಟಿದ್ದರೆ, ಡಾಕ್ಟರ ಸರ್ಟಿಫಿಕೇಟಿನ ಮೇಲೆ ಸಂಬಳದ 80% ಎರಡು ವರ್ಷದವರೆಗೂ ಸಿಗಬಹುದು. ‘ಕೆಲಸದಲ್ಲಿದ್ದಾಗಲೇ ಆಸ್ಪತ್ರೆಗೆ ಹೋಗ್ಬೇಕಿತ್ತಲ್ಲ. ಈಗ ಕಂಪನಿಯವರ ಹತ್ರ ಹೋಗಿ, ಮೆಡಿಕಲ್ ಕಾರಣಕ್ಕೆ ತೆಗೆದದ್ದು ಅಂತ ಲೆಟರ್ ಕೇಳಿ. ಕೊಟ್ರೆ ತನ್ನಿ, ನೋಡೋಣ.’

ಅಣ್ಣ ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸುತ್ತಿದ್ದಾಗ ಪಕ್ಕದಲ್ಲಿದ್ದ ಫ್ಯಾಕ್ಟರಿ ಬಸ್ಸಿನ ಡ್ರೈವರೊಬ್ಬ ಹತ್ತಿರ ಸರಿದ. ‘ನಂಗೂ ಶುಗರ್ ಐತಣ್ಣ. ರಿನ್ಯೂವಲ್ಲು ಬರೋ ವರ್ಷ.’

‘ರಾಜಾಜಿನಗರದ ಆಸ್ಪತ್ರೆಗೆ ಹೋಗಿ ಕಣ್ಣು ತೋರ್ಸು, ಇವತ್ತೇ’ ಎಂದರು ಅಣ್ಣ. ‘ಆಫೀಸ್ನಲ್ಲಿ ಏನಾದ್ರೂ ಹಾಳೆ ಕೊಟ್ರೆ ಸೈನ್ ಹಾಕ್ಬೇಡ. ಓದಕ್ಕೆ ಬರಲ್ಲ ಅಂತ ಹೇಳು.’

‘ಬರ್ತದಣ್ಣ.’

‘ಬಂದ್ರೂ ಹೇಳು.’